ನಿಮ್ಮ ಲ್ಯಾಪ್‌ಟಾಪ್ ಯಾರ ಮಾತು ಕೇಳುತ್ತಿದೆ? ಟರ್ಮಿನಲ್‌ನಲ್ಲಿ ಪವರ್ ಸೆಟ್ಟಿಂಗ್ ನೋಡುವ ಬಗೆ

(ಇದು ಒಂದು ಉಪನ್ಯಾಸದ ಬರಹ ರೂಪ. ಅಲ್ಲಿ ತೆರೆಯ ಮೇಲೆ ತೋರಿಸಿದ ಕಮಾಂಡುಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಫೈಲ್ ಹೆಸರು ಅರ್ಧ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಶೆಲ್ ತಾನೇ ತುಂಬಿಕೊಡುತ್ತದೆ.)

ಎಲ್ಲರಿಗೂ ನಮಸ್ಕಾರ.

ಲಿನಕ್ಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಅಂದ ಕೂಡಲೇ ಬರುವ ದೂರುಗಳು ಹೆಚ್ಚು ಕಡಿಮೆ ಇವೇ. ಮುಚ್ಚಳ ಹಾಕಿದರೂ ಲ್ಯಾಪ್‌ಟಾಪ್ ಮಲಗುವುದಿಲ್ಲ. ಮಲಗಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. 'ಯಾವತ್ತೂ ಮಲಗಬೇಡ' ಅಂತ ಸೆಟ್ಟಿಂಗ್ಸ್‌ನಲ್ಲಿ ಹಾಕಿದ್ದರೂ ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯುತ್ತದೆ. ಮೂರಕ್ಕೂ ಜನ ಹುಡುಕುವುದು ಸರಿ ಮಾಡುವ ಕಮಾಂಡನ್ನು. ಎಲ್ಲಿಂದಲೋ ನಾಲ್ಕು ಸಾಲು ತಂದು ಸೂಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಓಡಿಸುತ್ತಾರೆ, ಕೆಲಸ ಆಗದಿದ್ದರೆ ಇನ್ನೊಂದು ಕಡೆಯಿಂದ ಇನ್ನು ನಾಲ್ಕು ಸಾಲು. ಆಮೇಲೆ ಯಾವುದು ಏನನ್ನು ಬದಲಾಯಿಸಿತು ಅಂತ ದೇವರಿಗೇ ಗೊತ್ತು.

ಹಾಗಾಗಿ ಇವತ್ತು ಬದಲಾಯಿಸುವ ಮಾತು ಕಡಿಮೆ, ನೋಡುವ ಮಾತು ಜಾಸ್ತಿ. ನೋಡುವುದರಿಂದ ಏನೂ ಕೆಡುವುದಿಲ್ಲ. ಮುಕ್ಕಾಲು ಪಾಲು ಸೂಡೊ ಕೂಡ ಬೇಡ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಪವರ್ ಸೆಟ್ಟಿಂಗ್ ಅನ್ನುವುದು ಒಂದೇ ಜಾಗದಲ್ಲಿ ಇಲ್ಲ. ಒಂದು ಮನೆಗೆ ನಾಲ್ಕು ಜನ ಯಜಮಾನರಿದ್ದ ಹಾಗೆ. ಕೆಳಗೆ ಫರ್ಮ್‌ವೇರ್ (ಮೆಷಿನ್ ಜೊತೆಗೇ ಬರುವ ತಂತ್ರಾಂಶ), ಅದರ ಮೇಲೆ ಕರ್ನಲ್ (ಲಿನಕ್ಸ್‌ನ ತಿರುಳು), ಅದರ ಮೇಲೆ ಸಿಸ್ಟಮ್‌ಡಿಯ (ಹಿನ್ನೆಲೆಯ ಸೇವೆಗಳನ್ನೆಲ್ಲ ನಡೆಸುವ ವ್ಯವಸ್ಥೆ) ಒಂದು ಭಾಗವಾದ ಲಾಗಿನ್‌ಡಿ, ಎಲ್ಲಕ್ಕಿಂತ ಮೇಲೆ ಗ್ನೋಮ್, ಕೆಡಿಇ ಥರದ ಡೆಸ್ಕ್‌ಟಾಪ್. ಒಬ್ಬೊಬ್ಬರದ್ದೂ ಒಂದೊಂದು ಕಾನೂನು. ಮೌಸ್ ಹಿಡಿದು ನೀವು ನೋಡುವ ಸೆಟ್ಟಿಂಗ್ಸ್ ಕಿಟಕಿ ಕೊನೆಯ ಯಜಮಾನರ ಅಭಿಪ್ರಾಯ ಅಷ್ಟೇ. ಆದ್ದರಿಂದ 'ಸೆಟ್ಟಿಂಗ್ ಏನಿದೆ' ಅಂತ ಕೇಳುವ ಬದಲು 'ಈಗ ಯಾರ ಮಾತು ನಡೆಯುತ್ತಿದೆ' ಅಂತ ಕೇಳಬೇಕು. ಟರ್ಮಿನಲ್ ಬೇಕಾಗುವುದು ಅದಕ್ಕೇ.

ಕೆಳಗಿನಿಂದ ಶುರು ಮಾಡೋಣ.

ಕರ್ನಲ್ ತನ್ನ ಸ್ಥಿತಿಯನ್ನೆಲ್ಲ /ಸಿಸ್ ಅನ್ನುವ ಡೈರೆಕ್ಟರಿಯಲ್ಲಿ ಫೈಲುಗಳ ಹಾಗೆ ತೋರಿಸುತ್ತದೆ. ಅವು ಡಿಸ್ಕ್ ಮೇಲೆ ಇರುವ ಫೈಲುಗಳಲ್ಲ. ನೀವು ಓದಿದ ಕ್ಷಣದಲ್ಲಿ ಕರ್ನಲ್ ಉತ್ತರ ಬರೆದುಕೊಡುತ್ತದೆ. ಅದಕ್ಕೇ ಅದರ ಮಾತನ್ನು ನಂಬಬಹುದು. /ಇಟಿಸಿಯಲ್ಲಿರುವ ಕಾನ್ಫಿಗ್ ಫೈಲ್ ಯಾರೋ ಏನು ಬಯಸಿದ್ದರು ಅಂತ ಹೇಳುತ್ತದೆ. /ಸಿಸ್ ಈಗ ಏನಾಗಿದೆ ಅಂತ ಹೇಳುತ್ತದೆ.

ಕ್ಯಾಟ್ /ಸಿಸ್/ಪವರ್/ಸ್ಟೇಟ್

ಕ್ಯಾಟ್ ಅಂದರೆ ಫೈಲಿನಲ್ಲಿ ಇರುವುದನ್ನು ತೋರಿಸು ಅಂತ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಇದಕ್ಕೆ 'ಫ್ರೀಜ್ ಮೆಮ್ ಡಿಸ್ಕ್' ಅಂತ ಉತ್ತರ ಬರುತ್ತದೆ. ಈ ಮೆಷಿನ್ ಯಾವ ಯಾವ ರೀತಿ ಮಲಗಬಲ್ಲದು ಅನ್ನುವ ಪಟ್ಟಿ ಅದು. ಡಿಸ್ಕ್ ಅಂದರೆ ಹೈಬರ್ನೇಟ್, ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಮೆಷಿನ್ ಆರುವುದು. ಆ ಪದವೇ ಇಲ್ಲದಿದ್ದರೆ ಮೇಲಿನವರು ಎಷ್ಟು ಬಟನ್ ಕೊಟ್ಟರೂ ಹೈಬರ್ನೇಟ್ ಆಗುವುದಿಲ್ಲ. ಪದ ಇದ್ದೂ ಆಗದಿದ್ದರೆ ಸ್ವಾಪ್ (ಮೆಮೊರಿಗೆ ಪೂರಕವಾಗಿ ಡಿಸ್ಕ್ ಮೇಲೆ ಇಟ್ಟ ಜಾಗ) ಕಡೆ ನೋಡಿ. ಮೆಮೊರಿಯಲ್ಲಿದ್ದದ್ದನ್ನು ಬರೆದಿಡಲು ಅದಕ್ಕೆ ಜಾಗ ಬೇಕಲ್ಲ.

ಈಗ ಇದಕ್ಕಿಂತ ಮುಖ್ಯವಾದ ಫೈಲು. ಇವತ್ತು ಒಂದೇ ಒಂದು ಕಮಾಂಡ್ ನೆನಪಿಟ್ಟುಕೊಳ್ಳುತ್ತೀರಿ ಅಂತಾದರೆ ಇದನ್ನು ಇಟ್ಟುಕೊಳ್ಳಿ:

ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್

ಉತ್ತರ ಹೀಗೆ ಕಾಣುತ್ತದೆ:

ಎಸ್2ಐಡಲ್ [ಡೀಪ್]

ಚೌಕ ಕಂಸದೊಳಗೆ ಇರುವುದೇ ಈಗ ಆಯ್ಕೆಯಾಗಿರುವುದು. /ಸಿಸ್ ಒಳಗೆ ಬಹಳ ಕಡೆ ಇದೇ ಪದ್ಧತಿ, ಒಮ್ಮೆ ಕಣ್ಣಿಗೆ ಅಭ್ಯಾಸ ಆದರೆ ಸಾಕು. ಡೀಪ್ ಅಂದರೆ ಹಳೆಯ ಕಾಲದ ಎಸ್3 ನಿದ್ದೆ. ಸಿಪಿಯು ಸೇರಿ ಹೆಚ್ಚಿನದಕ್ಕೆಲ್ಲ ಕರೆಂಟ್ ಕಡಿತ, ಮೆಮೊರಿಗೆ ಮಾತ್ರ ಒಂಚೂರು. ಎಸ್2ಐಡಲ್ ಅಂದರೆ ಕರ್ನಲ್ ಎಲ್ಲ ಪ್ರೋಗ್ರಾಮುಗಳನ್ನು ನಿಲ್ಲಿಸಿ, ಡಿವೈಸ್‌ಗಳನ್ನು ಮಲಗಿಸಿ, ಸಿಪಿಯುವನ್ನು ಸುಮ್ನೆ ಕೂರಿಸುವುದು. ಫರ್ಮ್‌ವೇರ್ ಕೈಗೆ ಮೆಷಿನ್ ಒಪ್ಪಿಸುವುದಿಲ್ಲ. ಪ್ರತಿಯೊಂದು ಚಿಪ್ಪೂ ಮರ್ಯಾದೆಯಾಗಿ ಮಲಗಿದರೆ ಎಸ್2ಐಡಲ್ ಕೂಡ ಚೆನ್ನಾಗಿಯೇ ನಡೆಯುತ್ತದೆ. ಒಂದು ಡ್ರೈವರ್ ಹಟ ಮಾಡಿದರೂ ಬ್ಯಾಗಿನೊಳಗೆ ಬಿಸಿ.

ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಫೈಲ್ ಬರೀ '[ಎಸ್2ಐಡಲ್]' ಅಂತ ತೋರಿಸುತ್ತದೆ, ಪಕ್ಕದಲ್ಲಿ ಇನ್ನೇನೂ ಇಲ್ಲ. ಅಂದರೆ ಫರ್ಮ್‌ವೇರ್ ಎಸ್3 ಕೊಟ್ಟೇ ಇಲ್ಲ. ಅಂಥ ಮೆಷಿನ್‌ನಲ್ಲಿ ಬೂಟ್ ಸಾಲಿಗೆ (ಮೆಷಿನ್ ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆ) 'ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್' ಸೇರಿಸಿ ಅನ್ನುವ ಸಲಹೆ ದಂಡ. ಇಲ್ಲದ್ದನ್ನು ಆಯ್ಕೆ ಮಾಡಲು ಆಗುವುದಿಲ್ಲ, ಅಲ್ವಾ? ಫೈಲು ಎರಡೂ ಪದ ತೋರಿಸಿದರೆ ಮಾತ್ರ ಆ ಸಲಹೆಗೆ ಬೆಲೆ.

ನಿನ್ನೆ ನಿಜವಾಗಿ ಮಲಗಿತ್ತಾ, ಯಾವ ರೀತಿ ಮಲಗಿತ್ತು ಅಂತ ತಿಳಿಯಬೇಕಾದರೆ ಕರ್ನಲ್ ಲಾಗ್ ಕೇಳಿ. 'ಜರ್ನಲ್‌ಸಿಟಿಎಲ್ -ಕೆ' ಓಡಿಸಿ ಅದರಲ್ಲಿ 'ಪಿಎಂ: ಸಸ್ಪೆಂಡ್' ಅಂತ ಹುಡುಕಿದರೆ 'ಸಸ್ಪೆಂಡ್ ಎಂಟ್ರಿ' ಅನ್ನುವ ಒಂದು ಸಾಲು, 'ಸಸ್ಪೆಂಡ್ ಎಕ್ಸಿಟ್' ಅನ್ನುವ ಒಂದು ಸಾಲು ಸಿಗುತ್ತವೆ. ಎಂಟ್ರಿಯ ಪಕ್ಕದಲ್ಲೇ ಎಸ್2ಐಡಲ್ ಅಥವಾ ಡೀಪ್ ಅಂತ ಬರೆದಿರುತ್ತದೆ, ಹೊತ್ತೂ ಇರುತ್ತದೆ. ಎಂಟ್ರಿಯ ಬೆನ್ನಿಗೇ ಎಕ್ಸಿಟ್ ಇದ್ದರೆ ಯಾವುದೋ ಡಿವೈಸ್ ತಕ್ಷಣ ಎಬ್ಬಿಸಿದೆ ಅಥವಾ ಮಲಗಲು ಒಪ್ಪಿಲ್ಲ ಅಂತ ಅರ್ಥ. ಆಗ /ಸಿಸ್/ಪವರ್/ಸಸ್ಪೆಂಡ್_ಸ್ಟಾಟ್ಸ್ ಒಳಗೆ ಹೋಗಿ. ಎಷ್ಟು ಸಲ ಸಕ್ಸೆಸ್, ಎಷ್ಟು ಸಲ ಫೇಲ್ ಅನ್ನುವುದರ ಜೊತೆಗೆ 'ಲಾಸ್ಟ್_ಫೇಲ್ಡ್_ಡೆವ್' ಅಂತ ಒಂದು ಫೈಲ್ ಇದೆ. ತಕರಾರು ಮಾಡಿದ ಡಿವೈಸ್ ಹೆಸರು ಅಲ್ಲೇ ಇರುತ್ತದೆ. ಯಾರು ಯಾರಿಗೆ ಮೆಷಿನ್ ಎಬ್ಬಿಸುವ ಹಕ್ಕಿದೆ ಅನ್ನುವ ಪಟ್ಟಿ /ಪ್ರಾಕ್/ಎಸಿಪಿಐ/ವೇಕಪ್‌ನಲ್ಲಿದೆ, ಪ್ರತಿ ಸಾಲಿನಲ್ಲೂ ಎನೇಬಲ್ಡ್ ಅಥವಾ ಡಿಸೇಬಲ್ಡ್ ಅಂತ.

ಕರ್ನಲ್ ಇಷ್ಟು ಹೇಳಿತು. ಆದರೆ 'ಈಗ ಮಲಗು' ಅಂತ ಕರ್ನಲ್‌ಗೆ ಹೇಳುವವರು ಬೇರೆ. ಮುಚ್ಚಳ, ಪವರ್ ಬಟನ್ ಎರಡೂ ಸಿಸ್ಟಮ್‌ಡಿ ಇರುವ ಮೆಷಿನ್‌ಗಳಲ್ಲಿ ಲಾಗಿನ್‌ಡಿಯ ಖಾತೆ. ಅದರ ಕಾನ್ಫಿಗ್ ಲಾಗಿನ್‌ಡಿ.ಕಾನ್ಫ್. ಹೊಸಬರು ಅದನ್ನು ತೆರೆದು ನೋಡಿ ಗಾಬರಿಯಾಗುತ್ತಾರೆ, ಎಲ್ಲ ಸಾಲಿಗೂ ಮುಂದೆ ಹ್ಯಾಶ್ ಇರುತ್ತದೆ. ಹ್ಯಾಶ್ ಇರುವ ಸಾಲು ಅಂದರೆ 'ನೀವು ಏನೂ ಹೇಳದಿದ್ದರೆ ನಾನು ಮಾಡುವುದು ಇದು' ಅಂತ. ಕೆಲವು ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆ ಬೇರೆ ಆವೃತ್ತಿಗಳು) /ಇಟಿಸಿಯಲ್ಲಿ ಆ ಫೈಲೇ ಇರುವುದಿಲ್ಲ, /ಯುಎಸ್ಆರ್ ಕೆಳಗೆ ಕೂತಿರುತ್ತದೆ. ಜೊತೆಗೆ ಡ್ರಾಪ್‌ಇನ್ ಅಂತ ಪಕ್ಕದ ಡೈರೆಕ್ಟರಿಯಿಂದ ತುಂಡು ಫೈಲುಗಳೂ ಸೇರಿಕೊಳ್ಳಬಹುದು. ಎಲ್ಲವನ್ನೂ ಒಟ್ಟಿಗೆ, ಯಾವುದು ಎಲ್ಲಿಂದ ಬಂತು ಅಂತ ಹೆಸರು ಸಮೇತ ತೋರಿಸುವುದು ಇದು:

ಸಿಸ್ಟಮ್‌ಡಿ-ಅನಲೈಸ್ ಕ್ಯಾಟ್-ಕಾನ್ಫಿಗ್ ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್

ಅದರಲ್ಲಿ ಮುಚ್ಚಳಕ್ಕೆ ಮೂರು ಸಾಲು ಇವೆ. 'ಹ್ಯಾಂಡಲ್‌ಲಿಡ್‌ಸ್ವಿಚ್' ಡಿಫಾಲ್ಟ್ ಸಸ್ಪೆಂಡ್. 'ಹ್ಯಾಂಡಲ್‌ಲಿಡ್‌ಸ್ವಿಚ್‌ಎಕ್ಸ್‌ಟರ್ನಲ್‌ಪವರ್' ಚಾರ್ಜರ್ ಹಾಕಿದ್ದಾಗಿನದು, ಬೇರೆ ಹೇಳದಿದ್ದರೆ ಮೊದಲಿನದನ್ನೇ ಅನುಸರಿಸುತ್ತದೆ. ಮೂರನೆಯದು 'ಹ್ಯಾಂಡಲ್‌ಲಿಡ್‌ಸ್ವಿಚ್‌ಡಾಕ್ಡ್', ಅದರ ಡಿಫಾಲ್ಟ್ ಇಗ್ನೋರ್. ಡಾಕ್‌ನಲ್ಲಿ ಕೂರಿಸಿದ್ದರೆ ಅಥವಾ ಒಂದಕ್ಕಿಂತ ಹೆಚ್ಚು ಡಿಸ್‌ಪ್ಲೇ ಸಿಕ್ಕಿಸಿದ್ದರೆ ಲಾಗಿನ್‌ಡಿ ಮುಚ್ಚಳದ ಕಡೆ ತಿರುಗಿಯೂ ನೋಡುವುದಿಲ್ಲ. 'ಮುಚ್ಚಳ ಹಾಕಿದರೂ ಮಲಗುವುದಿಲ್ಲ' ಅನ್ನುವ ದೂರುಗಳಲ್ಲಿ ಒಂದಷ್ಟು ಇಲ್ಲೇ ಮುಗಿಯುತ್ತವೆ, ಹೊರಗೊಂದು ಮಾನಿಟರ್ ಸಿಕ್ಕಿಸಿರುತ್ತಾರೆ ಅಷ್ಟೇ.

ಇನ್ನೊಂದು ಸೂಕ್ಷ್ಮ. ಫೈಲ್ ತಿದ್ದಿದರೂ ಲಾಗಿನ್‌ಡಿ ಅದನ್ನು ಮತ್ತೆ ಓದುವವರೆಗೆ ಹಳೆಯ ಮಾತೇ ನಡೆಯುತ್ತದೆ. ಓಡುತ್ತಿರುವ ಲಾಗಿನ್‌ಡಿಯನ್ನೇ ನೇರವಾಗಿ ಕೇಳಲು ಬಸ್‌ಸಿಟಿಎಲ್ ಇದೆ:

ಬಸ್‌ಸಿಟಿಎಲ್ ಇಂಟ್ರೊಸ್ಪೆಕ್ಟ್ ಆರ್ಗ್.ಫ್ರೀಡೆಸ್ಕ್‌ಟಾಪ್.ಲಾಗಿನ್1 /ಆರ್ಗ್/ಫ್ರೀಡೆಸ್ಕ್‌ಟಾಪ್/ಲಾಗಿನ್1

ಬರುವ ಉದ್ದದ ಪಟ್ಟಿಯಲ್ಲಿ 'ಹ್ಯಾಂಡಲ್' ಅಂತ ಶುರುವಾಗುವ ಸಾಲುಗಳನ್ನು ಗ್ರೆಪ್ ಕಮಾಂಡಿನಿಂದ ಹುಡುಕಿ ತೆಗೆಯಿರಿ. ಫೈಲಿನಲ್ಲಿ ಒಂದು, ಇಲ್ಲಿ ಇನ್ನೊಂದು ಇದ್ದರೆ ರೀಲೋಡ್ ಆಗಿಲ್ಲ. ಅವಸರಕ್ಕೆ ಲಾಗಿನ್‌ಡಿಯನ್ನು ರೀಸ್ಟಾರ್ಟ್ ಮಾಡಬೇಡಿ, ತೆರೆದ ಡೆಸ್ಕ್‌ಟಾಪ್ ಸೆಷನ್ನೇ ಬಿದ್ದುಹೋಗಬಹುದು. ರೀಲೋಡ್ ಸಾಕು, ಇಲ್ಲದಿದ್ದರೆ ಮೆಷಿನ್ ಒಮ್ಮೆ ರೀಬೂಟ್ ಮಾಡಿ.

ಸರಿ, ಲಾಗಿನ್‌ಡಿ ಸಸ್ಪೆಂಡ್ ಅನ್ನುತ್ತಿದೆ, ಕರ್ನಲ್‌ಗೂ ಮಲಗುವುದು ಗೊತ್ತು, ಆದರೂ ಮಲಗುತ್ತಿಲ್ಲ. ಇಲ್ಲಿ ನನಗೆ ತುಂಬಾ ಇಷ್ಟದ ಕಮಾಂಡ್ ಬರುತ್ತದೆ:

ಸಿಸ್ಟಮ್‌ಡಿ-ಇನ್‌ಹಿಬಿಟ್ --ಲಿಸ್ಟ್

'ನಾನು ಕೆಲಸದಲ್ಲಿದ್ದೇನೆ, ಮಲಗಿಸಬೇಡ' ಅಂತ ಯಾವ ಪ್ರೋಗ್ರಾಮ್ ಬೇಕಾದರೂ ಲಾಗಿನ್‌ಡಿ ಹತ್ತಿರ ಒಂದು ಬೀಗ ಪಡೆಯಬಹುದು. ಈ ಪಟ್ಟಿ ಆ ಬೀಗಗಳದ್ದು. ಯಾರು, ಯಾವ ಯೂಸರ್, ಯಾವ ಪ್ರೋಸೆಸ್, ಏನನ್ನು ತಡೆದಿದ್ದಾರೆ, ಯಾಕೆ, ಕೊನೆಗೆ ಯಾವ ಬಗೆಯ ತಡೆ. ಕೊನೆಯ ಕಾಲಮ್ ಮೊದಲು ಓದಿ. ಅಲ್ಲಿ 'ಡಿಲೇ' ಅಂತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನೆಟ್‌ವರ್ಕ್‌ಮ್ಯಾನೇಜರ್, ಸ್ಕ್ರೀನ್ ಲಾಕ್ ಮಾಡುವವರು ಇವರೆಲ್ಲ 'ಮಲಗುವ ಮುಂಚೆ ಒಂದು ಕ್ಷಣ ಕೊಡು, ಸಾಮಾನು ಎತ್ತಿಡುತ್ತೇನೆ' ಅನ್ನುವವರು. ಅವರಿಗೆ ಸಿಗುವುದು ಡಿಫಾಲ್ಟ್ ಆಗಿ ಹೆಚ್ಚೆಂದರೆ 5 ಸೆಕೆಂಡ್. 'ಬ್ಲಾಕ್' ಅಂತಿದ್ದರೆ ಅಲ್ಲಿ ನಿಂತು ನೋಡಿ. ಅದರ 'ವಾಟ್' ಕಾಲಮ್‌ನಲ್ಲಿ 'ಹ್ಯಾಂಡಲ್-ಲಿಡ್-ಸ್ವಿಚ್' ಇದ್ದರೆ ಮುಚ್ಚಳದ ಯಜಮಾನಿಕೆ ಲಾಗಿನ್‌ಡಿ ಕೈಯಲ್ಲಿಲ್ಲ, ಆ ಸಾಲಿನಲ್ಲಿ ಹೆಸರಿರುವವರ ಕೈಯಲ್ಲಿದೆ. ಸಾಮಾನ್ಯವಾಗಿ ಅದು ಡೆಸ್ಕ್‌ಟಾಪಿನ ಪವರ್ ಪ್ರೋಗ್ರಾಮ್. ಆಮೇಲೆ ನೀವು ಲಾಗಿನ್‌ಡಿ.ಕಾನ್ಫ್ ಎಷ್ಟು ತಿದ್ದಿದರೂ ಗೋಡೆಗೆ ಹೇಳಿದ ಹಾಗೆ.

ಎರಡು ಬೀಗಗಳ ನಡುವೆ ವ್ಯತ್ಯಾಸವೂ ಇದೆ. ಸುಮ್ನೆ 'ಸ್ಲೀಪ್' ತಡೆದವರನ್ನು ಮುಚ್ಚಳ ಡಿಫಾಲ್ಟ್ ಆಗಿ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಮುಚ್ಚಿದರೆ ಮಲಗಿಯೇ ಬಿಡುತ್ತದೆ. ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಯಾವುದೋ ವಿಡಿಯೊ ಪ್ಲೇಯರ್‌ನ ದೆಸೆಯಿಂದ ಬೇಯಬಾರದಲ್ಲ. ಒಳ್ಳೆ ನಿರ್ಧಾರ ಅಂತ ನನಗನಿಸುತ್ತದೆ. ಆದರೆ ದೊಡ್ಡ ಬ್ಯಾಕಪ್ ಹಾಕಿ ಮುಚ್ಚಳ ಮುಚ್ಚಿ ಹೋಗುವವರು ಇದನ್ನು ನೆನಪಿಡಬೇಕು.

ಇನ್ನು ಡೆಸ್ಕ್‌ಟಾಪ್. ಗ್ನೋಮ್‌ನಲ್ಲಿ ಹೀಗೆ ಕೇಳಬೇಕು:

ಜಿಸೆಟ್ಟಿಂಗ್ಸ್ ಲಿಸ್ಟ್-ರಿಕರ್ಸಿವ್‌ಲಿ ಆರ್ಗ್.ಗ್ನೋಮ್.ಸೆಟ್ಟಿಂಗ್ಸ್-ಡೀಮನ್.ಪ್ಲಗಿನ್ಸ್.ಪವರ್

'ಸ್ಲೀಪ್-ಇನ್‌ಆಕ್ಟಿವ್-ಎಸಿ-ಟೈಮ್‌ಔಟ್' ಸೆಕೆಂಡುಗಳ ಲೆಕ್ಕ, 900 ಅಂದರೆ ಕಾಲು ಗಂಟೆ. ಅದೊಂದನ್ನೇ ಓದಿ ತೀರ್ಮಾನ ಮಾಡಬೇಡಿ, ಪಕ್ಕದ 'ಸ್ಲೀಪ್-ಇನ್‌ಆಕ್ಟಿವ್-ಎಸಿ-ಟೈಪ್' ನೋಡಿ (ಎಸಿ ಅಂದರೆ ಚಾರ್ಜರ್ ಹಾಕಿದ್ದಾಗ). ಅದು 'ನಥಿಂಗ್' ಆಗಿದ್ದರೆ ಎಷ್ಟು ಸೆಕೆಂಡ್ ಬರೆದಿದ್ದರೂ ಏನೂ ಆಗುವುದಿಲ್ಲ. ಬ್ಯಾಟರಿಗೆ ಇದೇ ಥರ ಬೇರೆ ಜೋಡಿ ಇದೆ.

ಶುರುವಿನಲ್ಲಿ ಹೇಳಿದ ಮೂರನೆಯ ದೂರು, ಬೇಡ ಅಂದರೂ ಮಲಗುವುದು, ಅದರ ಗುಟ್ಟು ಇಲ್ಲಿದೆ. ಜಿಸೆಟ್ಟಿಂಗ್ಸ್ ಒಬ್ಬೊಬ್ಬ ಯೂಸರ್‌ಗೆ ಬೇರೆ ಬೇರೆ. ಲಾಗಿನ್ ಸ್ಕ್ರೀನ್ ತೋರಿಸುವ ಜಿಡಿಎಂ ಕೂಡ ಒಬ್ಬ ಯೂಸರ್, ಅದಕ್ಕೂ ಅದರದ್ದೇ ಪವರ್ ಸೆಟ್ಟಿಂಗ್. ನೀವು ಲಾಗ್ಔಟ್ ಮಾಡಿದಿರಿ ಅಥವಾ ಮೆಷಿನ್ ರೀಬೂಟ್ ಆಗಿ ಲಾಗಿನ್ ಸ್ಕ್ರೀನ್‌ನಲ್ಲಿ ನಿಂತಿದೆ ಅಂದರೆ ಆಗ ನಡೆಯುವುದು ಜಿಡಿಎಂ ಮಾತು. ದೂರದಿಂದ ಎಸ್‌ಎಸ್‌ಎಚ್ ಮಾಡಿ (ನೆಟ್‌ವರ್ಕ್ ಮೂಲಕ ಆ ಮೆಷಿನ್‌ನ ಟರ್ಮಿನಲ್ ತೆರೆದು) ಕೆಲಸ ಮಾಡುತ್ತಿದ್ದವರಿಗೆ ಮೆಷಿನ್ ಇದ್ದಕ್ಕಿದ್ದ ಹಾಗೆ ಮಾಯ ಆಗುವುದು ಹೀಗೆಯೇ. ನೀವು ಎಸ್‌ಎಸ್‌ಎಚ್‌ನಲ್ಲಿ ಎಷ್ಟು ಟೈಪ್ ಮಾಡಿದರೂ ಲಾಗಿನ್ ಸ್ಕ್ರೀನ್ ದೃಷ್ಟಿಯಲ್ಲಿ ಕೀಬೋರ್ಡ್ ಮುಂದೆ ಯಾರೂ ಇಲ್ಲ.

ಸ್ಕ್ರೀನ್ ಆರುವುದು ಬೇರೆ ವಿಷಯ, ನಿದ್ದೆ ಬೇರೆ. ತೆರೆಯ ಮೇಲೆ ಕಿಟಕಿಗಳನ್ನು ಬಿಡಿಸುವ ವ್ಯವಸ್ಥೆ ಎರಡು ಬಗೆ, ಹಳೆಯದು ಎಕ್ಸ್11, ಹೊಸದು ವೇಲ್ಯಾಂಡ್. ಎಕ್ಸ್11 ಬಳಸುವವರು 'ಎಕ್ಸ್‌ಸೆಟ್ ಕ್ಯೂ' ಅಂತ ಹೊಡೆದರೆ ಕೊನೆಯಲ್ಲಿ ಡಿಪಿಎಂಎಸ್ (ಸ್ಕ್ರೀನ್ ಆರಿಸುವ ಸೆಟ್ಟಿಂಗ್) ಸಾಲುಗಳು ಸಿಗುತ್ತವೆ. ವೇಲ್ಯಾಂಡ್‌ನಲ್ಲಿ ಆ ಉತ್ತರ ನಂಬಬೇಡಿ. ಬರೀ ಕಪ್ಪು ಕನ್ಸೋಲ್ ಇದ್ದರೆ /ಸಿಸ್/ಮಾಡ್ಯೂಲ್/ಕರ್ನಲ್/ಪ್ಯಾರಾಮೀಟರ್ಸ್/ಕನ್ಸೋಲ್‌ಬ್ಲ್ಯಾಂಕ್ ಓದಿ, 0 ಅಂದರೆ ಆರುವುದೇ ಇಲ್ಲ.

ಈಗ ಮೆಷಿನ್ ಎಚ್ಚರ ಇರುವಾಗಿನ ಖರ್ಚು. ಸಿಪಿಯು ವಿಷಯದಲ್ಲಿ ಎರಡು ಫೈಲ್ ಜೊತೆಯಾಗಿ ಓದಬೇಕು, ಒಂದೇ ಓದಿದರೆ ಮೋಸ. /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯು0/ಸಿಪಿಯುಫ್ರೆಕ್ ಒಳಗೆ 'ಸ್ಕೇಲಿಂಗ್_ಡ್ರೈವರ್' ಮತ್ತು 'ಸ್ಕೇಲಿಂಗ್_ಗವರ್ನರ್'. ಡ್ರೈವರ್ ಅಂದರೆ ಸಿಪಿಯು ವೇಗ ಬದಲಾಯಿಸುವ ಕರ್ನಲ್‌ನ ಭಾಗ, ಗವರ್ನರ್ ಅಂದರೆ ವೇಗ ಎಷ್ಟಿರಬೇಕು ಅನ್ನುವ ನೀತಿ. ಗವರ್ನರ್ 'ಪವರ್‌ಸೇವ್' ಅಂತ ಕಂಡ ಕೂಡಲೇ 'ಅಯ್ಯೋ, ನನ್ನ ಸಿಪಿಯು ಕಟ್ಟಿಹಾಕಿದ್ದಾರೆ' ಅಂತ ಪರ್ಫಾರ್ಮೆನ್ಸ್‌ಗೆ ಬದಲಾಯಿಸುವವರು ಬಹಳ. ಡ್ರೈವರ್ 'ಎಸಿಪಿಐ-ಸಿಪಿಯುಫ್ರೆಕ್' ಆಗಿದ್ದರೆ ಆ ಭಯ ನಿಜ, ಪವರ್‌ಸೇವ್ ಗವರ್ನರ್ ಸಿಪಿಯುವನ್ನು ಅತಿ ಕಡಿಮೆ ವೇಗದಲ್ಲೇ ಕೂರಿಸುತ್ತದೆ. ಡ್ರೈವರ್ 'ಇಂಟೆಲ್_ಪಿಸ್ಟೇಟ್' ಆಗಿದ್ದರೆ ಕಥೆಯೇ ಬೇರೆ. ಅಲ್ಲಿರುವುದು ಪವರ್‌ಸೇವ್, ಪರ್ಫಾರ್ಮೆನ್ಸ್ ಎರಡೇ, ಮತ್ತು ಪವರ್‌ಸೇವ್ ಕೆಲಸಕ್ಕೆ ತಕ್ಕಂತೆ ವೇಗ ಏರಿಸಿ ಇಳಿಸುತ್ತದೆ. ಅದು ಮಾಮೂಲಿ ಸ್ಥಿತಿ, ಮುಟ್ಟಬೇಡಿ. ಆ ಮೆಷಿನ್‌ನಲ್ಲಿ ನಿಜವಾದ ಒಲವು ಪಕ್ಕದ 'ಎನರ್ಜಿ_ಪರ್ಫಾರ್ಮೆನ್ಸ್_ಪ್ರಿಫರೆನ್ಸ್' ಫೈಲಿನಲ್ಲಿದೆ. ಡೆಸ್ಕ್‌ಟಾಪಿನ 'ಬ್ಯಾಲೆನ್ಸ್ಡ್, ಪವರ್ ಸೇವರ್' ಬಟನ್ ಸಾಮಾನ್ಯವಾಗಿ ಅದನ್ನೇ ತಿರುಗಿಸುವುದು. 'ಪವರ್‌ಪ್ರೊಫೈಲ್ಸ್‌ಸಿಟಿಎಲ್ ಗೆಟ್' ಅಂದರೆ ಈಗಿನ ಪ್ರೊಫೈಲ್ ಹೇಳುತ್ತದೆ.

ಯುಎಸ್‌ಬಿ ಡಿವೈಸ್‌ಗಳಲ್ಲೂ ಇಂಥದ್ದೇ ಒಂದು ಗುಂಡಿ. /ಸಿಸ್/ಬಸ್/ಯುಎಸ್‌ಬಿ/ಡಿವೈಸಸ್ ಕೆಳಗೆ ಪ್ರತಿ ಡಿವೈಸ್‌ಗೂ 'ಪವರ್/ಕಂಟ್ರೋಲ್' ಇದೆ. ಅದರಲ್ಲಿ 'ಆನ್' ಅಂತ ಇದ್ದರೆ ಉಳಿತಾಯ ಆನ್ ಅಂತಲ್ಲ, ಡಿವೈಸ್ ಸದಾ ಆನ್, ಅಂದರೆ ಉಳಿತಾಯ ಬಂದ್. 'ಆಟೊ' ಇದ್ದರೆ ಬಿಡುವಾದಾಗ ಮಲಗಬಹುದು. ನಿಜವಾಗಿ ಮಲಗಿದೆಯಾ ಅಂತ 'ರನ್‌ಟೈಮ್_ಸ್ಟೇಟಸ್' ಹೇಳುತ್ತದೆ. ವೈಫೈಗೆ 'ಐಡಬ್ಲ್ಯೂ ಡೆವ್ ಡಬ್ಲ್ಯೂಲ್ಯಾನ್0 ಗೆಟ್ ಪವರ್_ಸೇವ್', ಇಂಟರ್‌ಫೇಸ್ ಹೆಸರು ನಿಮ್ಮದು ಹಾಕಿ. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಸೂಡೊ ಹಾಕಿ 'ಎಚ್‌ಡಿಪಾರ್ಮ್ -ಸಿ', ದೊಡ್ಡ ಸಿ ಅಕ್ಷರ, ಅದು ಡಿಸ್ಕ್ ಎದ್ದಿದೆಯಾ ಸ್ಟ್ಯಾಂಡ್‌ಬೈನಲ್ಲಿದೆಯಾ ಅಂತ ತೋರಿಸುತ್ತದೆ. ದೊಡ್ಡ ಬಿ ಹಾಕಿದರೆ ಎಪಿಎಂ (ಡಿಸ್ಕಿನದ್ದೇ ಪವರ್ ಉಳಿತಾಯ) ಮಟ್ಟ. 127 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಡಿಸ್ಕ್ ತಿರುಗುವುದು ನಿಲ್ಲಿಸಬಹುದು, 128ರಿಂದ 254ರವರೆಗೆ ನಿಲ್ಲಿಸುವ ಹಾಗಿಲ್ಲ, 255 ಅಂದರೆ ಎಪಿಎಂ ಬಂದ್.

ಬ್ಯಾಟರಿ ಬಗ್ಗೆ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. /ಸಿಸ್/ಕ್ಲಾಸ್/ಪವರ್_ಸಪ್ಲೈ/ಬ್ಯಾಟ್0 ಒಳಗೆ ಹೋಗಿ. 'ಎನರ್ಜಿ_ಫುಲ್_ಡಿಸೈನ್' 50000000 ಅಂತಲೂ 'ಎನರ್ಜಿ_ಫುಲ್' 38000000 ಅಂತಲೂ ಇದೆ ಅಂತ ಇಟ್ಟುಕೊಳ್ಳಿ. ಸೊನ್ನೆ ನೋಡಿ ಹೆದರಬೇಡಿ, ಅವು ಮೈಕ್ರೊವ್ಯಾಟ್-ಅವರ್. ಆರು ಸೊನ್ನೆ ತೆಗೆದರೆ 50 ಮತ್ತು 38 ವ್ಯಾಟ್-ಅವರ್. ಹೊಸದರಲ್ಲಿ ಇದ್ದದ್ದರ ಶೇಕಡಾ 76 ಉಳಿದಿದೆ. 'ಎನರ್ಜಿ_ನೌ' 26000000, 'ಪವರ್_ನೌ' 6500000 ಅಂದರೆ 6.5 ವ್ಯಾಟ್ ಎಳೆಯುತ್ತಿದೆ, ಹೀಗೇ ಇದ್ದರೆ ಇನ್ನೂ 4 ಗಂಟೆ. ಸ್ಕ್ರೀನ್ ಬೆಳಕು ಇಳಿಸಿ, ಒಂದು ಬ್ರೌಸರ್ ಟ್ಯಾಬ್ ಮುಚ್ಚಿ, ಮತ್ತೆ ಪವರ್_ನೌ ಓದಿ. ಯಾವ ಸಲಹೆ ನಿಜವಾಗಿ ಕೆಲಸ ಮಾಡಿತು ಅಂತ ಆ ಒಂದು ಸಂಖ್ಯೆ ಹೇಳುತ್ತದೆ. ಚಾರ್ಜರ್ ತೆಗೆದು ನೋಡಿ, ಇಲ್ಲದಿದ್ದರೆ ಅದು ಚಾರ್ಜ್ ಆಗುವ ವೇಗ ಆಗಿಬಿಡುತ್ತದೆ. ಕೆಲವು ಮೆಷಿನ್‌ಗಳು ಎನರ್ಜಿ ಬದಲು 'ಚಾರ್ಜ್' ಅಂತ ಮೈಕ್ರೊಆಂಪಿಯರ್-ಅವರ್‌ನಲ್ಲಿ ಕೊಡುತ್ತವೆ. ಆಗ ವೋಲ್ಟೇಜ್‌ನಿಂದ ಗುಣಿಸಿಕೊಳ್ಳಬೇಕು. ಚಾರ್ಜ್ 80ರಲ್ಲಿ ನಿಂತುಹೋಗುತ್ತದೆ ಅನ್ನುವವರು ಅಲ್ಲೇ 'ಚಾರ್ಜ್_ಕಂಟ್ರೋಲ್_ಎಂಡ್_ಥ್ರೆಶೋಲ್ಡ್' ಇದೆಯಾ ನೋಡಿ, ಯಾರೋ ಮಿತಿ ಹಾಕಿರಬಹುದು.

ಬ್ಯಾಟರಿ ತೀರಾ ಇಳಿದಾಗ ಏನು ಮಾಡಬೇಕು ಅನ್ನುವುದಕ್ಕೆ ಮತ್ತೊಬ್ಬ ಯಜಮಾನ ಇದ್ದಾನೆ, ಯುಪವರ್. 'ಯುಪವರ್ -ಡಿ' ಓಡಿಸಿ ಕೊನೆಯ ಭಾಗ ನೋಡಿದರೆ 'ಕ್ರಿಟಿಕಲ್-ಆಕ್ಷನ್' ಅಂತ ಒಂದು ಸಾಲು, ಹೈಬರ್ನೇಟ್, ಹೈಬ್ರಿಡ್‌ಸ್ಲೀಪ್ ಅಥವಾ ಪವರ್‌ಆಫ್ ಅಂತ.

ಪವರ್‌ಟಾಪ್, ಟಿಎಲ್‌ಪಿ ಅನ್ನುವ ಪವರ್ ಉಳಿಸುವ ಪ್ರೋಗ್ರಾಮುಗಳ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಎರಡೂ ಒಳ್ಳೆಯವು. ಪವರ್‌ಟಾಪ್‌ನ ಟ್ಯೂನಬಲ್ಸ್ ಪುಟ ಮೇಲೆ ಹೇಳಿದ ಎಷ್ಟೋ ಫೈಲುಗಳನ್ನು ಒಂದೇ ಕಡೆ 'ಗುಡ್', 'ಬ್ಯಾಡ್' ಅಂತ ತೋರಿಸುತ್ತದೆ. ಬ್ಯಾಡ್ ಅಂದದ್ದೆಲ್ಲ ಕೆಟ್ಟದ್ದಲ್ಲ, ಉಳಿತಾಯ ಆಗುತ್ತಿಲ್ಲ ಅಂತ ಅಷ್ಟೇ. ಆಟೊ-ಟ್ಯೂನ್ ಒತ್ತಿ ಎಲ್ಲ ಗುಡ್ ಮಾಡಿದರೆ ಮೌಸ್ ಎರಡು ಸೆಕೆಂಡಿಗೊಮ್ಮೆ ತೂಕಡಿಸಬಹುದು, ರೀಬೂಟ್ ಆದರೆ ಎಲ್ಲ ಮತ್ತೆ ಮೊದಲಿನ ಹಾಗೆ. ಟಿಎಲ್‌ಪಿ ಇರುವವರು 'ಟಿಎಲ್‌ಪಿ-ಸ್ಟಾಟ್ -ಎಸ್' ಓಡಿಸಿ. ಪವರ್-ಪ್ರೊಫೈಲ್ಸ್-ಡೀಮನ್ (ಆಗ ಹೇಳಿದ ಬ್ಯಾಲೆನ್ಸ್ಡ್, ಪವರ್ ಸೇವರ್ ಬಟನ್ ಹಿಂದಿನ ಪ್ರೋಗ್ರಾಮ್) ಕೂಡ ಜೊತೆಗೆ ಓಡುತ್ತಿದ್ದರೆ ಇಬ್ಬರೂ ಒಂದೇ ಫೈಲಿಗೆ ಬರೆಯುತ್ತಿರುತ್ತಾರೆ, ಒಬ್ಬರನ್ನು ಕಳಿಸಿ.

ಕೊನೆಗೆ ಬಂದ ಎರಡು ಪ್ರಶ್ನೆ.

ಒಬ್ಬರು ಕೇಳಿದರು, ಎಸ್2ಐಡಲ್ ಮಾತ್ರ ಇರುವ ಮೆಷಿನ್ ರಾತ್ರಿ ಸರಿಯಾಗಿ ಮಲಗಿತ್ತಾ ಅಂತ ಹೇಗೆ ತಿಳಿಯುವುದು? ಈಚಿನ ಕರ್ನಲ್‌ಗಳಲ್ಲಿ ಆಗಲೇ ಹೇಳಿದ ಸಸ್ಪೆಂಡ್_ಸ್ಟಾಟ್ಸ್ ಒಳಗೆ 'ಲಾಸ್ಟ್_ಎಚ್‌ಡಬ್ಲ್ಯೂ_ಸ್ಲೀಪ್' ಇದೆ. ಹಾರ್ಡ್‌ವೇರ್ ನಿಜವಾಗಿ ಆಳದ ನಿದ್ದೆಯಲ್ಲಿದ್ದ ಹೊತ್ತು, ಮೈಕ್ರೊಸೆಕೆಂಡಿನಲ್ಲಿ. ಲಾಗ್‌ನಲ್ಲಿ ಎಂಟ್ರಿಯಿಂದ ಎಕ್ಸಿಟ್‌ವರೆಗೆ 8 ಗಂಟೆ ಇದ್ದು ಇಲ್ಲಿ ಸೊನ್ನೆ ಇದ್ದರೆ ಮೆಷಿನ್ ಕಣ್ಣು ಮುಚ್ಚಿಕೊಂಡಿತ್ತೇ ಹೊರತು ನಿದ್ದೆ ಮಾಡಿಲ್ಲ. ಯಾವ ಡಿವೈಸ್ ಕಾರಣ ಅಂತ ಒಂದೊಂದೇ ಕಳಚಿ, ಮತ್ತೆ ಮಲಗಿಸಿ, ಮತ್ತೆ ಅದೇ ಫೈಲ್ ಓದಬೇಕು. ಬೇಜಾರಿನ ಕೆಲಸ, ಆದರೆ ಊಹೆಗಿಂತ ಬೇಗ ಮುಗಿಯುತ್ತದೆ.

ಇನ್ನೊಬ್ಬರದ್ದು ಹಳೆಯ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿರುವ ಕಥೆ, ಅದು ಯಾವ ಕಾರಣಕ್ಕೂ ಮಲಗಬಾರದು. ಅಲ್ಲಿ ಒಬ್ಬೊಬ್ಬ ಯಜಮಾನರ ಹತ್ತಿರ ಹೋಗಿ ಬೇಡಿಕೊಳ್ಳುವುದಕ್ಕಿಂತ ಸಿಸ್ಟಮ್‌ಡಿಯಲ್ಲಿ ಸ್ಲೀಪ್, ಸಸ್ಪೆಂಡ್, ಹೈಬರ್ನೇಟ್, ಹೈಬ್ರಿಡ್-ಸ್ಲೀಪ್ ಈ ನಾಲ್ಕು ಟಾರ್ಗೆಟ್‌ಗಳನ್ನೇ (ಸಿಸ್ಟಮ್‌ಡಿ ತಲುಪುವ ಸ್ಥಿತಿಗಳು) ಮಾಸ್ಕ್ ಮಾಡುವುದು, ಅಂದರೆ ಶುರುವಾಗದ ಹಾಗೆ ಮುಚ್ಚಿಬಿಡುವುದು ಸುಲಭ. ಮಾಡಿದ ಮೇಲೆ 'ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್ ಸಸ್ಪೆಂಡ್.ಟಾರ್ಗೆಟ್' ಅಂತ ಕೇಳಿ. 'ಮಾಸ್ಕ್ಡ್' ಅಂತ ಬಂದರೆ ಆಯಿತು. ಜೊತೆಗೆ ಲಾಗಿನ್‌ಡಿಯಲ್ಲಿ ಮುಚ್ಚಳಕ್ಕೆ ಇಗ್ನೋರ್ ಹಾಕಿ, ಇಲ್ಲದಿದ್ದರೆ ಮುಚ್ಚಿದಾಗಲೆಲ್ಲ ಮಲಗಿಸಲು ಹೋಗಿ ಸೋತು ಲಾಗ್ ತುಂಬಾ ದೂರು ಬರೆಯುತ್ತಾ ಕೂರುತ್ತದೆ.